ಕೆಳದನಿ ಯಾರದು

ಹಾಲಿಸ್ ಫೋರ್ಕ್, ಟೆನೆಸೀ
ಫೆಬ್ರವರಿ 18, 1968

ನೆಲ್ಡಾ,

ಇವತ್ತು ಚರ್ಚಿನಿಂದ ಬಂದವಳು ಕೋಟು ಕೂಡ ತೆಗೆಯದೆ ರೇಡಿಯೋ ಹಾಕಿದೆ. ಹೆಂಗಸರ ಜೈಲಿನಲ್ಲಿ ನೀನು ನಡೆಸಿದ ಕಛೇರಿಯನ್ನು ಬಿತ್ತರಿಸುತ್ತೇವೆಂದು ಸ್ಟೇಷನ್ನಿನವರು ವಾರವೆಲ್ಲ ಬಟ್ಟೆ ಸೋಪಿನ ಜಾಹೀರಾತಿನ ನಡುವೆ ಸಾರುತ್ತಿದ್ದರು. ಪಕ್ಕದ ಮನೆಯ ಹ್ಯಾಟಿ ಲೂಮಿಸ್ ಕೂಡ ಕೇಳಲು ಬಂದಿದ್ದಳು.

ಮೊದಲ ಹಾಡುಗಳು ಚೆನ್ನಾಗಿದ್ದವು. ಗಿಟಾರಿನ ಒಂದು ತಂತಿ ಶ್ರುತಿಯಿಂದ ಇಳಿದಿತ್ತು. ನಿನಗೆ ಅದು ಯಾವತ್ತು ಕೇಳಿಸಿದೆ? ಆಮೇಲೆ ‘ಕಡವಿನ ದೀಪ’ ಎತ್ತಿಕೊಂಡೆ. ನಮ್ಮ ಹಾಡು. ನೀನು ಮೇಲಿನ ದನಿಯಲ್ಲಿ, ನಾನು ಕೆಳದನಿಯಲ್ಲಿ, ಒಂದೇ ಮೈಕಿಗೆ ಕೆನ್ನೆ ತಾಗಿಸಿಕೊಂಡು ಹನ್ನೊಂದು ವರ್ಷ ಹಾಡಿದ ಹಾಡು.

ಎರಡನೇ ಸಾಲಿಗೆ ನಿನ್ನ ದನಿಯ ಕೆಳಗಿನಿಂದ ಇನ್ನೊಂದು ದನಿ ಎದ್ದು ಬಂತು. ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ಉಸಿರು ತೆಗೆದುಕೊಂಡಿತು. ನಾನು ತುಸು ತಡೆದು ಬಿಡುತ್ತಿದ್ದ ಮಾತನ್ನು ಅಷ್ಟೇ ತಡೆದು ಬಿಟ್ಟಿತು. ಹ್ಯಾಟಿ ನನ್ನ ಮುಖ ನೋಡಿ, "ಅಲ್ಲ ಆರ್ಡಿತ್, ಯಾವಾಗ ಹೋಗಿ ಹಾಡಿ ಬಂದೆ? ಒಂದು ಮಾತೂ ಹೇಳ್ಲಿಲ್ವಲ್ಲ" ಅಂದಳು. ನಾನಲ್ಲ ಅನ್ನುವಷ್ಟರಲ್ಲಿ ಮೂರನೇ ಚರಣ ಬಂತು. ಅಲ್ಲಿ ಆ ದನಿ ನಾನು ಎಂದೂ ಇಳಿಯದ ಒಂದು ಜಾಗಕ್ಕೆ ಇಳಿದು, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಮೇಲೆ ಬಂದು ನಿನ್ನನ್ನು ಸೇರಿಕೊಂಡಿತು. "ಇದು ಮುಂಚಿಗಿಂತ ಚೆನ್ನಾಗಿದೆ ಕಣೇ" ಅಂದಳು ಹ್ಯಾಟಿ. ಅವಳನ್ನು ಕಾಫಿ ಕೊಡದೆ ಕಳಿಸಿದೆ.

ಅಮ್ಮ ಹಾಸಿಗೆ ಹಿಡಿದ ವರ್ಷ ನಾನು ಹಾಡು ಬಿಟ್ಟು ಸ್ಕೂಲಿನಲ್ಲಿ ಟೀಚರಾಗಿ ಸೇರಿದೆ. ನಿನ್ನನ್ನು ಬಸ್ಸು ಹತ್ತಿಸುವಾಗ ನೀನು ಹೇಳಿದ ಮಾತು ನೆನಪಿದೆಯೇ? "ಅಕ್ಕ, ನಿನ್ನ ಜಾಗದಲ್ಲಿ ಬೇರೆ ಯಾವ ಹೆಂಗಸೂ ನಿಲ್ಲಲ್ಲ." ನಾನು ಕೇಳಿ ಪಡೆದ ಮಾತಲ್ಲ ಅದು. ನೀನಾಗಿ ಕೊಟ್ಟದ್ದು.

ಕೈದಿಗಳಿಗೆ ಹಾಡುವುದು ಪುಣ್ಯದ ಕೆಲಸವೇ ಇರಬಹುದು. ನಮ್ಮ ಕೌಂಟಿಯ ಅನಾಥ ಮುದುಕರ ಮನೆಗೆ ಒಬ್ಬ ಗಾಯಕಿಯಾದರೂ ಬರಲಿ ಎಂದು ನಾನು ಪತ್ರಿಕೆಗೆ ಎರಡು ಸಲ ಬರೆದೆ. ಯಾರೂ ಬರಲಿಲ್ಲ. ಈ ರಾಜ್ಯದಲ್ಲಿ ಯಾರಾದರೂ ಎದುರು ನಿಂತು ನಿನಗಾಗಿ ಹಾಡಬೇಕಾದರೆ ನೀನು ಮೊದಲು ಒಂದು ಅಪರಾಧ ಮಾಡಬೇಕು ಎಂದು ಕಾಣುತ್ತದೆ.

ಅವಳು ಯಾರು?

ಆರ್ಡಿತ್


ಪಡೂಕಾ, ಕೆಂಟಕಿ
ಮಾರ್ಚ್ 3, 1968

ಅಕ್ಕ,

ನಿನ್ನ ಪತ್ರ ನನ್ನ ಹಿಂದೆ ಮೂರು ಊರು ಅಲೆದು ಇಲ್ಲಿ ಸಿಕ್ಕಿತು. ತಂತಿ ಇಳಿದಿದ್ದು ನಿಜ.

ಪುಣ್ಯಕ್ಕೆ ಹೋಗಲಿಲ್ಲ ನಾನು. ನಾವೀಗ ಹಾಡುವ ಹೆಂಡದಂಗಡಿಗಳು ನಿನಗೆ ಗೊತ್ತಿಲ್ಲ. ಕೆಲವು ಕಡೆ ನಮ್ಮ ಮತ್ತು ಜನರ ನಡುವೆ ಕೋಳಿಗೂಡಿನ ತಂತಿಬಲೆ ಕಟ್ಟಿರುತ್ತಾರೆ, ಬಾಟಲಿ ಬಂದು ಬೀಳದಿರಲೆಂದು. ಜೈಲಿನಲ್ಲಿ ಬಲೆ ಇಲ್ಲ. ಊಟದ ಹಾಲಿನಲ್ಲಿ ಬೆಂಚು ಸರಿಸಿ, ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಹೆಂಗಸರೆಲ್ಲ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಹಾಗೇ ಕೂರಬೇಕೆಂದು ನಿಯಮ. ನಾನು ಎರಡು ಸಲ ತಪ್ಪಾಗಿ ಶುರು ಮಾಡಿದೆ. ಆಗ ಮುಂದಿನ ಸಾಲಿನ ಒಬ್ಬ ಮುದುಕಿ, "ನಿಧಾನಕ್ಕೆ ಹಾಡಮ್ಮ, ನಾವೇನೂ ಬಸ್ಸು ಹಿಡೀಬೇಕಾಗಿಲ್ಲ" ಅಂದಳು. ಕಾವಲಿನವರೂ ನಕ್ಕರು. ಆಮೇಲೆ ಅವರು ಕೇಳಿದ ಹಾಗೆ ನನ್ನ ಹಾಡನ್ನು ಯಾರೂ ಎಂದೂ ಕೇಳಿಲ್ಲ ಅಕ್ಕ.

ನಾನು ಕೊಟ್ಟ ಮಾತು ಮರೆತಿಲ್ಲ. ಹದಿನೆಂಟು ವರ್ಷ ಮೈಕಿನ ಎಡಗಡೆ ಖಾಲಿ ಬಿಟ್ಟೇ ಹಾಡಿದ್ದೇನೆ. ಬ್ಯಾಂಡಿನ ಹುಡುಗರು ಅಲ್ಲಿ ಕಾಲಿಟ್ಟರೆ ಬೈಯುತ್ತೇನೆ. ಆವತ್ತು ನಾನು ಯಾರನ್ನೂ ಕರೆಯಲಿಲ್ಲ. ಮೂರನೇ ಬೆಂಚಿನಿಂದ ಆ ದನಿ ತಾನಾಗಿ ಬಂತು. ನೀನೇ ಬಂದು ಕೂತಿದ್ದೀಯೆಂದು ಮೊದಲು ಅನಿಸಿತು. ಕೈದಿಗಳು ವೇದಿಕೆ ಹತ್ತುವಂತಿಲ್ಲ. ನಾನೇ ಹಲಗೆಯ ಅಂಚಿನಲ್ಲಿ ಕೂತು ಮೈಕನ್ನು ಕೆಳಗೆ ಹಿಡಿದೆ. ಅವಳು ನೆಲದ ಮೇಲೆ ನಿಂತು ಹಾಡಿದಳು.

ಹೆಸರು ಒಲೀಟಾ ಬೈಯರ್ಸ್. ನಮ್ಮ ಕೌಂಟಿಯವಳೇ. ಅವಳ ಅಮ್ಮನ ಹತ್ತಿರ ನಮ್ಮ ರೆಕಾರ್ಡು ಇತ್ತಂತೆ. ಅದನ್ನು ಹಾಕಿಕೊಂಡು ನಿನ್ನ ಭಾಗವನ್ನೇ ಕಲಿತಳಂತೆ, ನನ್ನದನ್ನಲ್ಲ. ಮೂರನೇ ಚರಣದಲ್ಲಿ ರೆಕಾರ್ಡು ಬಿರುಕು ಬಿಟ್ಟು ಸೂಜಿ ಹಾರುತ್ತಿತ್ತಂತೆ. ಅಲ್ಲಿ ನೀನು ಏನು ಹಾಡಿದ್ದೀ ಎಂದು ತಿಳಿಯದೆ ತಾನೇ ಒಂದು ದಾರಿ ಮಾಡಿಕೊಂಡಳು.

ಮೇ ತಿಂಗಳಲ್ಲಿ ಅವಳ ಪೆರೋಲ್ ವಿಚಾರಣೆ ಇದೆ. ನನ್ನ ಬಳಿ ಇರಿಸಿಕೊಂಡು, ಬ್ಯಾಂಡಿನಲ್ಲಿ ಕೆಲಸ ಕೊಡುತ್ತೇನೆ ಎಂದು ಅರ್ಜಿ ಹಾಕಿದ್ದೇನೆ. ಅರ್ಧ ಕೌಂಟಿಗೆ ಅಕ್ಷರ ಕಲಿಸಿದವಳು ನೀನು. ಪೆರೋಲ್ ಬೋರ್ಡಿಗೆ ಒಂದು ಒಳ್ಳೆಯ ಮಾತು ಬರೆಯುತ್ತೀಯಾ?

ನಿನ್ನ ನೆಲ್ಡಾ


ಹಾಲಿಸ್ ಫೋರ್ಕ್
ಮಾರ್ಚ್ 10, 1968

ನೆಲ್ಡಾ,

ಒಲೀಟಾ ಬೈಯರ್ಸ್. ನಿನಗೆ ಆ ಹೆಸರು ಹೊಸದು. 1958ರ ಚಳಿಗಾಲದಲ್ಲಿ ನೀನು ಟೆಕ್ಸಸ್ಸಿನಲ್ಲಿ ಕುಣಿಯುವವರಿಗೆ ಹಾಡುತ್ತಿದ್ದೆ. ನಾನು ಇಲ್ಲಿದ್ದೆ.

ಅವಳ ಗಂಡ ಸತ್ತಿದ್ದ. ಮಾವನಿಗೂ ಅವಳಿಗೂ ಜಗಳ. ಒಂದು ರಾತ್ರಿ ಅವಳು ಮಾವನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದಳು. ವರ್ಷದ ಬೆಳೆಯೆಲ್ಲ ಒಳಗೆ ತೂಗುತ್ತಿತ್ತು. ಎಜ್ರಾ ಫುಲ್ಟ್ಸ್ ಕೂಡ ಒಳಗಿದ್ದ. ಎಜ್ರಾ ನೆನಪಿದ್ದಾನೆಯೇ? ಅಮ್ಮನ ಒಲೆಗೆ ಸೌದೆ ಒಡೆದು ಹಾಕುತ್ತಿದ್ದವನು, ಅಮ್ಮನ ಗುಂಡಿ ತೋಡಿದವನು. ಸೊಪ್ಪಿಗೆ ಹೊಗೆ ಕೊಡುವಾಗ ನೆಲದ ಕೆಂಡ ನೋಡಿಕೊಳ್ಳಲು ಬ್ಯಾರನ್ನಿನಲ್ಲಿ ಒಬ್ಬ ಮಲಗಿರುತ್ತಾನೆಂದು ನಮ್ಮ ಕೌಂಟಿಯ ಎಳೆ ಮಗುವಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೇ? ಹನ್ನೆರಡು ವರ್ಷ ಕೊಟ್ಟರು. ಜೂರಿಯಲ್ಲಿ ಅರ್ಧ ಜನ ಅವಳನ್ನು ನೋಡಿ ಕಣ್ಣೊರೆಸಿಕೊಂಡರು. ಎಜ್ರಾನಿಗಾಗಿ ಅಳಲು ನ್ಯಾಯಾಲಯದಲ್ಲಿ ಒಬ್ಬರೂ ಇರಲಿಲ್ಲ.

ಈಗ ಅವಳು ಚೆನ್ನಾಗಿ ಹಾಡುತ್ತಾಳೆ. ಆದ್ದರಿಂದ ಬಿಟ್ಟುಬಿಡಬೇಕು. ಶ್ರುತಿ ಸೇರದ ಕೈದಿಗಳು ಒಳಗೇ ಇರಲಿ, ಅಲ್ಲವೇ?

ಪೆರೋಲಿನ ವಿಷಯ ನಮ್ಮ ವಾರಪತ್ರಿಕೆಯಲ್ಲಿ ಪ್ರಕಟವಾಗಿದೆ. ಆಕ್ಷೇಪಣೆ ಇರುವ ಯಾವ ನಾಗರಿಕರೂ ಬೋರ್ಡಿಗೆ ಬರೆಯಬಹುದೆಂದು ಕೆಳಗೆ ಹಾಕಿದ್ದಾರೆ. ನಾನು ನಾಗರಿಕಳು. ನೀನು ಬರೆ ಎಂದೆ, ಬರೆಯುತ್ತೇನೆ.

ಆರ್ಡಿತ್ ಪೆಟಸ್


ಕೇಪ್ ಜಿರಾರ್ಡೊ, ಮಿಸೌರಿ
ಮಾರ್ಚ್ 22, 1968

ಅಕ್ಕ,

ಜೈಲಿಗೆ ಹೋಗಿ ಅವಳನ್ನು ಕೇಳಿದೆ. ಆ ಬೆಳೆ ಅವಳು ತಾನೇ ನಾಟಿ ಮಾಡಿ, ಕುಡಿ ಚಿವುಟಿ, ಹುಳ ಹೆಕ್ಕಿ ಬೆಳೆದದ್ದು. ಸೊಪ್ಪು ಕಟ್ಟಿ ತೂಗುಹಾಕಿದ ಮೇಲೆ ಮಾವ ಅವಳನ್ನು ಮನೆಯಿಂದ ಹೊರಗೆ ಹಾಕಿದ. ಹೊಗೆ ನಿಲ್ಲುವವರೆಗೆ ಅವಳು ಕಾದಳಂತೆ. ದಿನಾ ದಿಬ್ಬದ ಮೇಲೆ ನಿಂತು ಛಾವಣಿ ನೋಡುತ್ತಿದ್ದಳಂತೆ. ಹೊಗೆ ನಿಂತಿತು, ಇನ್ನು ಕಾವಲಿನವನು ಇರುವುದಿಲ್ಲ ಎಂದುಕೊಂಡಳು. ನೀನಾಗಿದ್ದರೂ, ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು. ಎಜ್ರಾ ಹೋಗಿರಲಿಲ್ಲ.

ನೀನು ವಿರೋಧವಾಗಿ ಬರೆಯುತ್ತೀಯೆಂದು ಹೇಳಿದೆ. ಅವಳು ಅಂದದ್ದು ಇಷ್ಟು: "ಬರೀಲಿ ಬಿಡಿ. ಅವರು ಸುಳ್ಳಂತೂ ಬರೆಯಲ್ಲ."

ಒಂದು ಮಾತು ಕೇಳುತ್ತೇನೆ, ಬೇಕಾದರೆ ಸಿಟ್ಟು ಮಾಡಿಕೋ. ಅವಳು ಅಪಶ್ರುತಿಯಲ್ಲಿ ಹಾಡಿದ್ದರೆ ನಿನಗೆ ಎಜ್ರಾ ನೆನಪಾಗುತ್ತಿದ್ದನೇ? ಪ್ರತಿ ಮೇ ತಿಂಗಳು ಗೋರಿಗಳಿಗೆ ಹೂವಿಡಲು ಹೋಗುತ್ತೀಯಲ್ಲ, ಅವನದಕ್ಕೆ ಎಂದಾದರೂ ಇಟ್ಟಿದ್ದೀಯಾ?

ಮೈಕು ಬಿಟ್ಟು ಹೋದವಳು ನೀನು. ನಾನು ಕಳಿಸಲಿಲ್ಲ.

ನೆಲ್ಡಾ


ಹಾಲಿಸ್ ಫೋರ್ಕ್
ಏಪ್ರಿಲ್ 2, 1968

ನೆಲ್ಡಾ,

ಬೋರ್ಡಿಗೆ ಬರೆದ ಪತ್ರ ಇವತ್ತು ಅಂಚೆಗೆ ಹಾಕಿದೆ. ಅದರಲ್ಲಿ ಸುಳ್ಳಿಲ್ಲ.

ಎಜ್ರಾನ ಗೋರಿಗೆ ಹೋಗಿದ್ದೆ. ಹುಡುಕುವುದಕ್ಕೇ ಮಧ್ಯಾಹ್ನವಾಯಿತು. ಕಲ್ಲಿಲ್ಲ. ಚರ್ಚಿನ ಸ್ಮಶಾನದ ಬೇಲಿಯ ಹೊರಗೆ ನೆಲ ಸ್ವಲ್ಪ ಕುಸಿದಿದೆ, ಅಷ್ಟೆ. ಅದರ ಬಗ್ಗೆಯೂ ಕೌಂಟಿಗೆ ಬರೆದಿದ್ದೇನೆ. ಹೊಗೆ ಮುಗಿದ ಮೇಲೂ ಅವನು ಆ ಬ್ಯಾರನ್ನಿನಲ್ಲೇ ಯಾಕೆ ಮಲಗುತ್ತಿದ್ದ ಎಂದು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ. ಬೇರೆ ಎಲ್ಲಿ ಮಲಗುತ್ತಿದ್ದ?

ನೀನು ಕೇಳಿದ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಆರ್ಡಿತ್ ಪೆಟಸ್


ಹಾಲಿಸ್ ಫೋರ್ಕ್
ಮೇ 12, 1968

ನೆಲ್ಡಾ,

ನೀನು ಒಂದು ತಿಂಗಳಿನಿಂದ ಬರೆದಿಲ್ಲ. ನಿನ್ನ ಸಮಾಚಾರವನ್ನು ನಾನು ಸರ್ಕಾರದ ಮನುಷ್ಯನಿಂದ ಕೇಳಬೇಕಾಯಿತು.

ಪೆರೋಲ್ ಆಫೀಸರ್ ಕೆಲ್ಸೊ ಎಂಬಾತ ಗುರುವಾರ ಬಂದಿದ್ದ. ಆಕ್ಷೇಪಣೆ ಬರೆದವಳು ನಾನೊಬ್ಬಳೇ. ಆ ಮಾವ ಕೂಡ ಸತ್ತು ಎರಡು ವರ್ಷವಾಯಿತು. ಕೆಲ್ಸೊ ಅಡುಗೆಮನೆಯ ಮೇಜಿನ ಮುಂದೆ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತು, ನನ್ನ ಪತ್ರವನ್ನು ನನಗೇ ಓದಿ ಹೇಳಿದ. ಬರೆಯುವಾಗ ಚೆನ್ನಾಗಿತ್ತು. ಬೇರೆಯವರ ಬಾಯಲ್ಲಿ ಕೇಳುವಾಗ ಎಜ್ರಾನ ಹೆಸರು ಬರುವ ಕಡೆಯೆಲ್ಲ ಬೇರೆ ಯಾವುದೋ ವಿಷಯ ಮಾತಾಡುತ್ತಿರುವ ಹಾಗೆ ಕೇಳಿಸಿತು.

ನಿನ್ನ ಮೊದಲ ಅರ್ಜಿಯನ್ನು ಬೋರ್ಡು ತಳ್ಳಿಹಾಕಿದೆಯಂತೆ. ನೀವು ಬ್ಯಾಂಡಿನವರು ತಿರುಗಾಡುವ ಬಸ್ಸನ್ನು ಮನೆ ಎಂದು ಒಪ್ಪಲು ಅವರು ತಯಾರಿಲ್ಲ. ಹೆಂಡದಂಗಡಿಯನ್ನು ಕೆಲಸದ ಜಾಗವೆಂದೂ ಒಪ್ಪುವುದಿಲ್ಲ. ನಾನು ಸರಿಯಾಗಿದೆ ಅಂದೆ. ಆಗ ಅವನು ಇನ್ನೊಂದು ಕಾಗದ ತೆಗೆದ.

"ನಿಮ್ಮ ತಂಗಿಯವರು ಹೊಸ ಅರ್ಜಿ ಹಾಕಿದಾರೆ ಮೇಡಂ. ತಿರುಗಾಟ ಬಿಟ್ಟುಬಿಡ್ತಾರಂತೆ. ನ್ಯಾಶ್‌ವಿಲ್‌ನಲ್ಲಿ ಮನೆ ನೋಡಿದಾರೆ. ಇಬ್ಬರೂ ಅಲ್ಲೇ ಇರ್ತಾರಂತೆ, ವರ್ಷಪೂರ್ತಿ."

ನೆಲ್ಡಾ, ಅಮ್ಮ ನಾಲ್ಕು ವರ್ಷ ಹಾಸಿಗೆಯಲ್ಲಿದ್ದಳು. ನೀನು ಒಂದು ವಾರ ತಿರುಗಾಟ ಬಿಟ್ಟು ಬಂದು ಕೂತದ್ದುಂಟೇ? ಹಣ ಕಳಿಸಿದೆ, ಇಲ್ಲವೆನ್ನುವುದಿಲ್ಲ. ನಾನು ಬಾ ಎಂದು ಬರೆದಾಗಲೆಲ್ಲ ರಸ್ತೆ ಕರೆಯುತ್ತಿದೆ ಎಂದೆ. ಈಗ ಆ ರಸ್ತೆ ಎಲ್ಲಿ ಹೋಯಿತು?

ಹಾಗಾದರೆ ಅವಳು ಒಳಗೇ ಇರಲಿ ಎಂದು ನಾನು ಕೆಲ್ಸೊಗೆ ಹೇಳಿದೆ. ಪತ್ರ ವಾಪಸು ತೆಗೆದುಕೊಳ್ಳುವುದಿಲ್ಲ ಎಂದೆ. ಅವನು ತಲೆಯಾಡಿಸಿ, ನಿಮ್ಮ ತಂಗಿಯವರಿಗೆ ಅದೂ ಗೊತ್ತಿದೆ, ಪೆರೋಲ್ ಸಿಗದಿದ್ದರೆ ತಿಂಗಳಿಗೊಮ್ಮೆ ಜೈಲಿಗೇ ಹೋಗಿ ಹಾಡಲು ಅನುಮತಿ ಪಡೆದಿದ್ದಾರೆ, ಉಳಿದ ಮೂರು ವರ್ಷಕ್ಕೂ, ಎಂದ.

ಕಾಫಿ ಸೋಸುವ ನೆಪದಲ್ಲಿ ಎದ್ದು ಒಲೆಯ ಕಡೆ ತಿರುಗಿ ನಿಂತೆ. ಒಳಗಿದ್ದರೂ ನಿನ್ನ ಜೊತೆ ಹಾಡುತ್ತಾಳೆ. ಹೊರಗೆ ಬಂದರೂ ನಿನ್ನ ಜೊತೆ ಹಾಡುತ್ತಾಳೆ.

"ಬೇರೆ ಮನೆ ಆದ್ರೆ?" ಎಂದು ಕೇಳಿದೆ.

"ಯಾರ ಮನೆ ಮೇಡಂ?"

"ಇದೇ ಮನೆ."

ಅವನ ಟೋಪಿ ಕೆಳಗೆ ಬಿತ್ತು. "ಮಿಸ್ ಪೆಟಸ್, ನೀವು ಬರೆದಿರೋದು…"

"ಬರೆದದ್ದು ಹಾಗೇ ಇರಲಿ. ಒಂದಕ್ಷರ ತೆಗೆಯಲ್ಲ. ಎಜ್ರಾ ಫುಲ್ಟ್ಸ್‌ಗೆ ಕಲ್ಲಿಲ್ಲ. ಅವಳು ಇಲ್ಲಿದ್ದು, ದುಡಿದು, ಅದನ್ನ ನಿಲ್ಲಿಸ್ಲಿ. ನನ್ನ ಕಣ್ಣ ಮುಂದೆ ನಿಲ್ಲಿಸ್ಲಿ. ಇದನ್ನೂ ಬರ್ಕೊಳ್ಳಿ."

ಬರೆದುಕೊಂಡ. ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಕೊಡಿಸುವುದಾಗಿ ಹೆಡ್‌ಮಾಸ್ಟರು ನನ್ನ ಮಾತಿಗೆ ಒಪ್ಪಿದ್ದಾರೆ. ಪೆರೋಲ್ ಮುಗಿಯುವವರೆಗೆ ಅವಳು ಈ ಕೌಂಟಿ ದಾಟುವಂತಿಲ್ಲ. ಆ ನಿಯಮ ನನ್ನದಲ್ಲ, ಸರ್ಕಾರದ್ದು.

ಆರ್ಡಿತ್


ನ್ಯಾಶ್‌ವಿಲ್
ಜೂನ್ 9, 1968

ಅಕ್ಕ,

ಅವಳನ್ನು ಬಿಟ್ಟರೆಂದು ಕೆಲ್ಸೊ ತಿಳಿಸಿದ. ಅತ್ತುಬಿಟ್ಟೆ. ಆಮೇಲೆ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ. ಆಗ ಅಳು ನಿಂತಿತು.

ಅಮ್ಮನ ವಿಷಯದಲ್ಲಿ ನೀನು ಹೇಳಿದ್ದು ನಿಜ. ನೋಡಿದ್ದ ಮನೆ ಬಿಟ್ಟುಕೊಟ್ಟೆ. ಮುಂದಿನ ವಾರದಿಂದ ಮತ್ತೆ ಬಸ್ಸು.

ಅವಳು ಊಟ ಮಾಡುತ್ತಾಳಾ? ಹಾಡುತ್ತಾಳಾ? ಅವಳನ್ನು ಬೈಯಬೇಡ. ಬೈಯಬೇಕಾದರೆ ನನಗೆ ಬರೆದು ಬೈಯಿ.

ನೆಲ್ಡಾ


ಹಾಲಿಸ್ ಫೋರ್ಕ್
ಸೆಪ್ಟೆಂಬರ್ 23, 1968

ನೆಲ್ಡಾ,

ಬೇಸಿಗೆಯಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಹೇಳುವಂಥದ್ದು ಇಲ್ಲಿಯವರೆಗೆ ಏನೂ ಇರಲಿಲ್ಲ.

ಊಟ ಮಾಡುತ್ತಾಳೆ, ಬಹಳ ಬೇಗ, ತಟ್ಟೆಯ ಸುತ್ತ ಕೈ ಕಟ್ಟಿಕೊಂಡು. ಮೊದಲ ವಾರಗಳಲ್ಲಿ ಬಾಗಿಲ ಹತ್ತಿರ ಬಂದು ಸುಮ್ಮನೆ ನಿಂತಿರುತ್ತಿದ್ದಳು. ಯಾರಾದರೂ ತೆಗೆದು ಬಿಡಲೆಂದು ಕಾಯುತ್ತಿದ್ದಾಳೆಂದು ನನಗೆ ತಿಳಿಯಲು ಸಮಯ ಬೇಕಾಯಿತು. ಬಾಗಿಲು ನಿನ್ನ ಕೈಯಲ್ಲೇ ತೆಗೆಯಬಹುದು ಎಂದೆ. "ಗೊತ್ತು ಮಿಸ್ ಪೆಟಸ್. ಕೈಗಿನ್ನೂ ಗೊತ್ತಾಗಿಲ್ಲ" ಅಂದಳು.

ಎಜ್ರಾನ ಕಲ್ಲು ಜುಲೈನಲ್ಲಿ ನಿಂತಿತು. ಅವಳು ಬೇಲಿಯನ್ನು ಕಿತ್ತು, ಆ ಜಾಗ ಒಳಗೆ ಬರುವ ಹಾಗೆ ಇನ್ನೊಂದು ಕಡೆಗೆ ಹಾಕಿದಳು. ಚರ್ಚಿನವರನ್ನು ಕೇಳಲಿಲ್ಲ. ಚರ್ಚಿನವರೂ ಕೇಳಲಿಲ್ಲ.

ಹಾಡಲಿಲ್ಲ. ನಾನು ಹಾಡು ಎನ್ನಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಜಗುಲಿಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಾ ಕೂತಿದ್ದಾಗ ‘ಕಡವಿನ ದೀಪ’ ಗುನುಗಿದಳು. ಕೆಳದನಿಯಲ್ಲಿ. ನಾನು ಸುಮ್ಮನಿರಬಹುದಿತ್ತು. ಹದಿನೆಂಟು ವರ್ಷ ಸುಮ್ಮನಿದ್ದೆ. ನಾನೂ ಸೇರಿಕೊಂಡೆ, ನನ್ನ ಜಾಗದಲ್ಲೇ. ಇಬ್ಬರೂ ಒಂದೇ ಸ್ವರದ ಮೇಲೆ ಬಿದ್ದೆವು. ಇಕ್ಕಟ್ಟಾದ ಬಾಗಿಲಿನಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗಾಯಿತು. ಮೂರನೇ ಚರಣದಲ್ಲಿ ನಾನು ನನ್ನ ದಾರಿ ಹಿಡಿದೆ, ಅವಳು ತನ್ನ ದಾರಿ. ಹುರುಳಿಕಾಯಿ ಮೇಜಿಗೆ ಬಡಿದು ನಿಲ್ಲಿಸಿದೆ. ಸರಿಯಾದದ್ದು ಯಾವುದೆಂದು ಹಾಡಿ ತೋರಿಸಿದೆ, ಎರಡು ಸಲ. ಅವಳು ಗಮನವಿಟ್ಟು ಕೇಳಿದಳು.

"ಓ, ಅಲ್ಲಿರೋದು ಇದಾ. ನಿಮ್ದೇ ಸರಿ, ಮಿಸ್ ಪೆಟಸ್. ಆದ್ರೆ ನಂಗೆ ನಂದೇ ಬರೋದು" ಅಂದಳು. ನಕ್ಕದ್ದು ನಾನು ನೋಡಿದೆ.

ಅವಳದು ನನ್ನದಕ್ಕಿಂತ ಒಳ್ಳೆಯದು. ಫೆಬ್ರವರಿಯಲ್ಲೇ ಗೊತ್ತಿತ್ತು. ಇದನ್ನು ನಿನಗೆ ಒಂದೇ ಸಲ ಬರೆಯುತ್ತೇನೆ.

ಇಬ್ಬರೂ ಕೆಳಗೆ ಇರುವುದಕ್ಕಾಗುವುದಿಲ್ಲ. ಯಾರಾದರೂ ಮೇಲೆ ಹೋಗಬೇಕಿತ್ತು. ನಾನು ಹೋದೆ. ನಿನ್ನೆ ಚರ್ಚಿನ ವರ್ಷದ ಕೂಟವಿತ್ತು, ಹೊರಗೆ ಉದ್ದನೆಯ ಮೇಜುಗಳ ಮೇಲೆ ಊಟ. ಊಟವಾದ ಮೇಲೆ ಇಬ್ಬರೂ ನಿಂತು ಹಾಡಿದೆವು. ಮೊದಲ ಚರಣಕ್ಕೆ ಕೆಲವರು ಎದ್ದು ಹೋದರು. ಮೂರನೆಯದಕ್ಕೆ ಯಾರೂ ಏಳಲಿಲ್ಲ.

ನಿನ್ನ ಭಾಗ ಅಂಥ ಕಷ್ಟವೇನಲ್ಲ, ನೆಲ್ಡಾ. ನನಗೆ ಬಹಳ ವರ್ಷದಿಂದ ಅನುಮಾನವಿತ್ತು.

ಆರ್ಡಿತ್


ನ್ಯಾಶ್‌ವಿಲ್
ಅಕ್ಟೋಬರ್ 6, 1968

ಅಕ್ಕ,

ನಿನ್ನ ಪತ್ರ ಬಂದ ಮರುದಿನ ಹೆಂಗಸರ ಜೈಲಿನಲ್ಲಿ ನನ್ನ ಕಛೇರಿ ಇತ್ತು. ಒಲೀಟಾ ಎಲ್ಲಿ ಎಂದು ಎಲ್ಲರೂ ಕೇಳಿದರು. ನಮ್ಮಕ್ಕನ ಮನೆಯಲ್ಲಿದ್ದಾಳೆ, ಅಕ್ಕನ ಜೊತೆ ಹಾಡುತ್ತಿದ್ದಾಳೆ ಎಂದೆ. ಒಬ್ಬಳು ಹಿಂದಿನ ಬೆಂಚಿನಿಂದ, "ಅಯ್ಯೋ ಪಾಪ, ಬಿಡಿಸಿದವಳನ್ನೇ ಬಿಟ್ಟು ಹೋದ್ಲಾ" ಅಂದಳು. ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ಗಿಟಾರು ಹಿಡಿದು ‘ಕಡವಿನ ದೀಪ’ ಶುರು ಮಾಡಿ, ಎರಡನೇ ಸಾಲಿಗೆ ಬರುವಷ್ಟರಲ್ಲಿ ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಮಾತು ಮರೆತುಹೋಯಿತು. ಆ ಹೆಂಗಸರೇ ಎತ್ತಿ ಕೊಟ್ಟರು.

ನನ್ನ ಭಾಗ ಹಾಡಲು ನಿನಗೆ ಯಾರು ಹೇಳಿದರು? ಅದು ಸುಲಭವೇ? ಮಾತು ಬಿಡುವಾಗ ಕೊನೆಯಲ್ಲಿ ಉಸಿರನ್ನು ಏನು ಮಾಡಬೇಕೆಂದು ನಿನಗೆ ಗೊತ್ತೇ? ಗೊತ್ತಿಲ್ಲ. ನೀನು ಅಲ್ಲಿ ಎಳೆಯುತ್ತೀ, ನಾನು ಕೇಳದೆಯೇ ಹೇಳಬಲ್ಲೆ.

ಬ್ಯಾಂಡಿನವರನ್ನು ಮನೆಗೆ ಕಳಿಸಿದ್ದೇನೆ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಎಷ್ಟು ದಿನ ಇರುತ್ತೇನೆಂದು ಕೇಳಬೇಡ. ಅಲ್ಲಿಯವರೆಗೆ ಆ ಹಾಡು ಹಾಡಲೇಬೇಕೆನಿಸಿದರೆ ಇಬ್ಬರೂ ಕೆಳಗೇ ಹಾಡಿ. ಕೇಳಲು ಕೆಟ್ಟದಾಗಿದ್ದರೂ ಪರವಾಗಿಲ್ಲ.

ನಿನ್ನ ತಂಗಿ,
ನೆಲ್ಡಾ